ಮುಖದ ಕೆಳಗಿನ ತಾರೀಕು

ನವೆಂಬರ್ 11, ಮಂಗಳವಾರ

ಇದನ್ನು ಬರೆಯದೆ ಬಿಡೋಣ ಎಂದೇ ಇದ್ದೆ. ಪೋಸ್ಟರ್ ಮುಗಿದು, ಇನ್ನೇನು ನನ್ನ ಫೋನಿಗೆ ಕಳಿಸಬೇಕು ಎನ್ನುವಾಗ ಫ್ಲೆಕ್ಸ್ ಅಂಗಡಿಯ ಸುನೀಲ್ ಕುಮಾರ್ ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಒಂದು ಮಾತು ಕೇಳಿದ್ದ: "ಹುಟ್ಟಿದ ತಾರೀಕು ಬೇಡ್ವಾ ಮೇಡಂ?"

ಬೇಡ ಎಂದೆ. ಅವನು ಫೋನಿಗೆ ಕಳಿಸಿದ.

ಅವನು ಕೇಳಿದ್ದು ಏನೆಂದು ನನಗೆ ಆಗ ಅರ್ಥವಾಗಲಿಲ್ಲ ಎಂದು ಬರೆದು ಮುಗಿಸಬಹುದಿತ್ತು. ಬರೆಯಹೊರಟೆ, ಕೈ ನಿಂತಿತು. ಅರ್ಧ ಅರ್ಥವಾಗಿತ್ತು ಅನಿಸುತ್ತದೆ. ಉಳಿದರ್ಧ ಅರ್ಥವಾಗುವ ಮೊದಲೇ ಬ್ಯಾಗು ಎತ್ತಿಕೊಂಡು ಬಸ್ಸಿಗೆ ಓಡಿದೆ. ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಆಮೇಲೂ ಬಸ್ಸುಗಳಿದ್ದವು.

ಕಚೇರಿಯ ಕೆಲಸವೆಲ್ಲ ನನ್ನದು ಇಂಗ್ಲಿಷಿನಲ್ಲೇ. ಕಾನ್ವೆಂಟಿನಲ್ಲಿ ಓದಿದವಳಿಗೆ ಅದೇ ಸಲೀಸು. ಆದರೆ ಅದರಲ್ಲಿ ಏನು ಬರೆದರೂ ಯಾರಿಗೋ ಒಪ್ಪಿಸುವ ವರದಿಯಾಗಿಬಿಡುತ್ತದೆ. ಇದು ನನಗೆ ಮಾತ್ರ. ಅದಕ್ಕೇ ಕನ್ನಡದಲ್ಲಿ, ಅದಕ್ಕೇ ಮೊದಲಿನಿಂದ.

ನಮ್ಮ ಟ್ರಸ್ಟಿನ ಜೀಪು ಕಾಡಂಚಿನ ಹಳ್ಳಿಗಳಿಗೆ ಹೋಗುತ್ತದೆ. ಹಾಸಿಗೆ ಹಿಡಿದವರಿಗೆ, ಗಾಯ ಮಾಗದವರಿಗೆ ಸುಧಾಮಣಿ ಸಿಸ್ಟರ್ ಮನೆಯಲ್ಲೇ ಡ್ರೆಸಿಂಗ್ ಮಾಡಿ, ಮಾತ್ರೆ ಕೊಟ್ಟು ಬರುತ್ತಾರೆ. ಇಷ್ಟು ವರ್ಷ ಖರ್ಚು ನೋಡಿಕೊಳ್ಳುತ್ತಿದ್ದ ಕಂಪನಿ ಈ ವರ್ಷ ಕೈಬಿಟ್ಟಿದೆ. ದುಡ್ಡು ಬಾರದಿದ್ದರೆ ಜನವರಿಯಿಂದ ಜೀಪು ಶೆಡ್ಡಿನಲ್ಲಿ. ಉಳಿದಿರುವ ದಾರಿ ಒಂದೇ, ಡಿಸೆಂಬರ್ ಎರಡರ ದಾನದ ಮಂಗಳವಾರ. ಅವತ್ತು ಲೋಕದ ಸಂಘ ಸಂಸ್ಥೆಗಳೆಲ್ಲ ಫೇಸ್‌ಬುಕ್, ಇನ್‌ಸ್ಟಾಗ್ರಾಮಿನಲ್ಲಿ ಕೈಯೊಡ್ಡುತ್ತವೆ. ಅವತ್ತಿನವರೆಗೆ ನಮ್ಮ ಪೇಜಿಗೆ ಬಂದಷ್ಟೇ ಹಣವನ್ನು ತಾನೂ ಸೇರಿಸಿ ಕೊಡುವುದಾಗಿ ಬೆಂಗಳೂರಿನ ಒಂದು ಸಂಸ್ಥೆ ಒಪ್ಪಿದೆ.

ಆನ್‌ಲೈನ್ ತರಬೇತಿಯಲ್ಲಿ ಹೇಳಿದ್ದರು: ಕಥೆ ಬೇಡ, ಒಂದು ಮುಖ ಸಾಕು. ಒಂದು ಹೆಸರು, ಒಂದು ತಾರೀಕು. ಕಪ್ಪು ಬಿಳುಪಿನ ಚಿತ್ರವಾದರೆ ಜನ ನಿಂತು ನೋಡುತ್ತಾರೆ. ನಾನು ಪುಣಜನೂರಿನ ಚಿಕ್ಕನಿಂಗಮ್ಮನವರನ್ನು ಆರಿಸಿದೆ. ಸಕ್ಕರೆ ಕಾಯಿಲೆಯಿಂದ ಕಾಲು ಕತ್ತರಿಸಬೇಕು ಎಂದು ಡಾಕ್ಟರು ಹೇಳಿದ್ದ ಹೆಂಗಸು. ಒಂದು ವರ್ಷ ಡ್ರೆಸಿಂಗ್ ಮಾಡಿದ ಮೇಲೆ ಈಗ ಆಡು ಹೊಡೆದುಕೊಂಡು ಹೋಗುತ್ತಾರೆ. ನಮ್ಮಲ್ಲಿ ಪೂರ್ತಿ ಗುಣವಾದವರು ಅವರು. ಅದಕ್ಕೇ ಅವರು.

ಮುಖ. ಅದರ ಕೆಳಗೆ ನಮ್ಮ ಟ್ರಸ್ಟಿನ ಗುರುತಾದ ಉರಿಯುವ ಹಣತೆ. ಅದರ ಕೆಳಗೆ ಹೆಸರು, ಊರು. ಅದರ ಕೆಳಗೆ 02-12-2025. ದಾನದ ವಿಷಯ ತಳದಲ್ಲಿ ಸಣ್ಣ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ.

ಸುನೀಲನ ಅಂಗಡಿಯಲ್ಲಿ ಗೃಹಪ್ರವೇಶದ, ಲೀಡರುಗಳ ಹುಟ್ಟುಹಬ್ಬದ ಫ್ಲೆಕ್ಸುಗಳ ಜೊತೆ ಶ್ರದ್ಧಾಂಜಲಿಯವೂ ಸುತ್ತಿ ನಿಲ್ಲಿಸಿರುತ್ತವೆ. ದಿನಕ್ಕೊಂದಾದರೂ ಇರುತ್ತದೆ. ಅವನ ಕೈ ಅದೇ ಅಳತೆಗೆ ಒಗ್ಗಿಹೋಗಿದೆ.

ನಿನ್ನೆ ಸಂಜೆ ಹಾಕಿದೆ. ಮೊದಲ ಕಾಮೆಂಟು: ಓಂ ಶಾಂತಿ.

ನವೆಂಬರ್ 13, ಗುರುವಾರ

ಪುಣಜನೂರಿಗೆ ಜೀಪು ಹೋಗುವ ದಿನ. ನಾನೂ ಹೋದೆ. ನಾನೇ ತೋರಿಸಿ ಹೇಳುವುದು ಒಳ್ಳೆಯದು ಎನಿಸಿತು.

ಅಷ್ಟರಲ್ಲಿ ಅವರು ನೋಡಿಯಾಗಿತ್ತು. ಸೊಸೆ ಲಕ್ಷ್ಮಿದೇವಿಯ ಫೋನಿಗೆ ಮೂರು ಗ್ರೂಪುಗಳಿಂದ ಬಂದಿತ್ತಂತೆ. ಚಿಕ್ಕನಿಂಗಮ್ಮ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನನ್ನನ್ನು ಕಂಡು ನಕ್ಕು, "ನನ್ ಮಕ ಸಿನಿಮಾದವ್ರಂಗೆ ಬಂದದಲ್ಲ ಮೇಡಮ್ಮ, ಆ ಅಲ್ಲು ಇಲ್ದಿರ ಜಾಗ ಒಂದ್ ಮುಚ್ಚಾಕಿದ್ರೆ ಇನ್ನೂ ಚಂದಾಗಿರದು" ಎಂದರು. ಹಲ್ಲು ಬಿದ್ದ ಜಾಗವನ್ನು ಬೆರಳಿನಿಂದ ಮುಟ್ಟಿ ತೋರಿಸಿದರು. ಸುಧಾಮಣಿ ಕಾಲು ನೋಡಿದರು. ಚರ್ಮ ಕೂಡಿ ಗಟ್ಟಿಯಾಗಿದೆ.

ಆಮೇಲೆ ಅವರು ಕೆಳಗೆ ಬರೆದಿರುವ ಅಂಕಿ ಏನೆಂದು ಕೇಳಿದರು. ಓದಲು ಬಾರದು, ಆದರೆ ಅಂಕಿ ಎಂದು ಗೊತ್ತಾಗಿದೆ. ಡಿಸೆಂಬರ್ ಎರಡು, ಮಂಗಳವಾರ, ಅವತ್ತು ಜನ ನಮ್ಮ ಜೀಪಿಗೆ ದಾನ ಕೊಡುವ ದಿನ ಎಂದು ಬಿಡಿಸಿ ಹೇಳಿದೆ. ಅವರು ಕೈಯಲ್ಲಿದ್ದ ಅವರೆಕಾಯಿಯನ್ನು ಮೊರದೊಳಕ್ಕೆ ಹಾಕಿದರು. "ನನ್ ಎಸ್ರಲ್ಲಿ ದಾನವಾ" ಎಂದರು. ಹೌದು ಎಂದೆ. "ಸರಿ ಬುಡು."

ಹೊರಡುವಾಗ ಬರ್ತೀನವ್ವ ಎಂದೆ. "ಊ ಕನವ್ವ, ಬಾ."

ನವೆಂಬರ್ 15, ಶನಿವಾರ

ಮೈಸೂರಿನಿಂದ ಅಮ್ಮನ ಫೋನು. ಅವರ ಅಪಾರ್ಟ್‌ಮೆಂಟಿನ ಗ್ರೂಪಿಗೂ ಹೋಗಿದೆ. "ನಿಮ್ಮ ಟ್ರಸ್ಟಿನ ಒಬ್ಬರು ಹೋಗಿಬಿಟ್ಟರಂತಲ್ಲ ಬೃಂದಾ, ಪಾಪ, ವಯಸ್ಸೆಷ್ಟು?" ಎಂದರು. ಹೋಗಿಲ್ಲ ಎಂದು ಹೇಳಿದೆ. ಅಮ್ಮ ಪೋಸ್ಟರನ್ನು ಮತ್ತೆ ತೆಗೆದು ನೋಡಿದರೆಂದು ಕಾಣುತ್ತದೆ. ಇನ್ನೂ ತಾರೀಕು ಬಂದಿಲ್ಲ ಅಲ್ಲವಾ ಎಂದರು.

ಇದುವರೆಗೆ ನಮ್ಮ ಯಾವ ಪೋಸ್ಟನ್ನೂ ಇಷ್ಟು ಜನ ಹಂಚಿಕೊಂಡಿರಲಿಲ್ಲ. ದುಡ್ಡೂ ಬರುತ್ತಿದೆ. ಕೈಮುಗಿದ ಚಿತ್ರಗಳು, ಅಳುವ ಮುಖಗಳು. ಒಂದು ಕಾಮೆಂಟು ಮಾತ್ರ ಬೇರೆ ಥರ ಇತ್ತು. ಹೆಸರಿನ ಜಾಗದಲ್ಲಿ ಬರೀ 'ಎಂ' ಎಂದಿದೆ, ಫೋಟೋ ಇಲ್ಲ. "ಮಣ್ಣಿಗೆ ಹೋಗಿದ್ದೆ. ಜನ ಚೆನ್ನಾಗಿ ಸೇರಿತ್ತು."

ಬೇರೆ ಯಾರದೋ ಸಾವು ನೆನಪಿಗೆ ಬಂದಿರಬೇಕು.

ನವೆಂಬರ್ 18, ಮಂಗಳವಾರ

ಪೋಸ್ಟಿನ ಕೆಳಗೆ ನಾನೇ ಬರೆದೆ: ಚಿಕ್ಕನಿಂಗಮ್ಮನವರು ಜೀವಂತವಾಗಿದ್ದಾರೆ, ಆರೋಗ್ಯವಾಗಿದ್ದಾರೆ. ಹತ್ತು ನಿಮಿಷದಲ್ಲಿ ಯಾರೋ ಉತ್ತರಿಸಿದರು: ಹೌದು, ನಮ್ಮೆಲ್ಲರ ಮನಸ್ಸಿನಲ್ಲಿ ಸದಾ ಜೀವಂತ. ಅದಕ್ಕೆ ನೂರಾರು ಜನ ಹೃದಯದ ಗುರುತು ಒತ್ತಿದ್ದಾರೆ. ನಾನು ಬರೆದದ್ದು ಕೆಳಗೆ ಹೂತುಹೋಯಿತು.

ನಮ್ಮ ಅಧ್ಯಕ್ಷರಾದ ಗಂಗಾಧರಸ್ವಾಮಿಯವರಿಗೆ ಹೇಳಿದೆ. ಬ್ಯಾಂಕಿನಲ್ಲಿ ಮ್ಯಾನೇಜರಾಗಿದ್ದವರು, ಅಳೆದು ಮಾತಾಡುತ್ತಾರೆ. ಸತ್ತರೆಂದು ನಾವು ಎಲ್ಲಾದರೂ ಬರೆದಿದ್ದೇವೆಯೇ ಎಂದು ಕೇಳಿದರು. ಇಲ್ಲ ಎಂದೆ. ಬರೆಯದ್ದನ್ನು ತಿದ್ದುವುದು ಹೇಗೆ? ಈಗ ತೆಗೆದರೆ, ಇಷ್ಟು ದಿನ ಮೋಸ ಮಾಡಿದರು ಎಂದು ಜನ ಹೇಳುತ್ತಾರೆ, ಕೊಟ್ಟವರು ವಾಪಸು ಕೇಳುತ್ತಾರೆ, ಬೆಂಗಳೂರಿನವರು ಹಿಂದೆ ಸರಿಯುತ್ತಾರೆ. ಆಮೇಲೆ ಪುಣಜನೂರಿಗೂ ಜೀಪಿಲ್ಲ, ಯಾರಿಗೂ ಇಲ್ಲ. ಎರಡು ವಾರ ಸುಮ್ಮನಿರಿ ಬೃಂದಾ ಅವರೇ.

ಅವರ ಮಾತಿನಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಹುಡುಕುವಾಗ ನನ್ನೊಳಗೆ ಒಂದು ನಿರಾಳವೂ ಇತ್ತು. ಅದನ್ನೂ ಬರೆದಿಡುತ್ತೇನೆ.

ಆಫೀಸಿನ ಕಿಟಕಿಯಿಂದ ದಿನಾ ಕಾಣುವ ಗೋಪಾಲಸ್ವಾಮಿ ಬೆಟ್ಟ ಇವತ್ತು ಇಡೀ ದಿನ ಮಂಜಿನಲ್ಲಿ ಕಾಣಲಿಲ್ಲ.

ನವೆಂಬರ್ 20, ಗುರುವಾರ

ಪುಣಜನೂರಿನ ಬಸ್ ಸ್ಟಾಪಿನಲ್ಲಿ ಫ್ಲೆಕ್ಸು ಕಟ್ಟಿದ್ದಾರೆ. ನಮ್ಮ ಪೋಸ್ಟರನ್ನೇ ಫೋನಿನಿಂದ ತೆಗೆದು ಎಳೆದು ದೊಡ್ಡದು ಮಾಡಿಸಿದ್ದಾರೆ. ಮುಖ ಒಡೆದು ಚೌಕ ಚೌಕವಾಗಿದೆ. ಕೆಳಗೆ ಸಾಲಾಗಿ ಕೇರಿಯ ಹುಡುಗರ ಗುಂಡು ಗುಂಡು ಫೋಟೋ, 'ಅವ್ವನ ಅಭಿಮಾನಿಗಳು'. ಸತ್ಯಮಂಗಲದ ಕಡೆ ಹೋಗುವ ಲಾರಿಯ ಡ್ರೈವರ್ ಒಬ್ಬ ಇಳಿದು ಟೀ ಕುಡಿಯುತ್ತಿದ್ದವನು ಅದನ್ನು ನೋಡಿ ಚಪ್ಪಲಿ ಬಿಟ್ಟು ಕೈ ಮುಗಿದ. "ಪಾಟಿ ಪಾವಂ", ಅಜ್ಜಿ ಪಾಪ, ಎಂದು ತಮಿಳಿನಲ್ಲಿ ಹೇಳಿದ. ಅದೇ ಹೊತ್ತಿಗೆ ಅಲ್ಲಿಂದ ಇನ್ನೂರು ಹೆಜ್ಜೆ ಆಚೆ ಆ ಅಜ್ಜಿ ಕೂತಿದ್ದರು.

ಮನೆಯಲ್ಲಿ ಕುದೇರಿನ ನೆಂಟರು ತುಂಬಿದ್ದರು. ಬಾಳೆಹಣ್ಣು, ಎಲೆ ಅಡಿಕೆ ತಂದಿದ್ದರು. ಚಿಕ್ಕನಿಂಗಮ್ಮ ಗೋಡೆಗೆ ಒರಗಿ ಕೂತಿದ್ದಾರೆ, ಎಲ್ಲರೂ ಅವರನ್ನು ಸುತ್ತಿ ಕೂತಿದ್ದಾರೆ, ಆದರೆ ಅವರ ಜೊತೆ ಯಾರೂ ಮಾತಾಡುತ್ತಿಲ್ಲ. ಅವರ ಬಗ್ಗೆ ಮಾತಾಡುತ್ತಿದ್ದಾರೆ. ಅವರು ಬಿತ್ತನೆಗೆ ಮುಂದೆ ಹೋಗುತ್ತಿದ್ದದ್ದು, ಅವರ ಕೈಯ ಉಪ್ಪೆಸರಿನ ರುಚಿ. ಅವರೂ ಕೇಳುತ್ತಾ ತಲೆ ಆಡಿಸುತ್ತಿದ್ದರು. ಒಂದು ಕಡೆ ಮಾತ್ರ, ಅದು ನಾನಲ್ಲ, ನಮ್ಮಕ್ಕ ಎಂದು ತಿದ್ದಿದರು.

ಲಕ್ಷ್ಮಿದೇವಿ ನನ್ನ ಕೈಗೆ ಟೀ ಕೊಡುತ್ತಾ ಮೆಲ್ಲಗೆ, "ಕಾಲ್ ಕೊಳೀತಿದ್ದಾಗ ಒಬ್ರೂ ಈ ಕಡೆ ತಲೆ ಆಕ್ನಿಲ್ಲ. ಈಗ ನೋಡಿ, ಅಕ್ಕಿ ಸಾಲಾದಿಲ್ಲ ನಮ್ಗೆ" ಎಂದಳು.

ನೆಂಟರು ಎದ್ದರು. ಹೋಗಿ ಬರ್ತೀವಿ ಎಂದು ಒಬ್ಬರೂ ಹೇಳಲಿಲ್ಲ. ಹಿಂದಿರುಗಿ ನೋಡದೆ ಸುಮ್ಮನೆ ಹೊರಟುಹೋದರು. ಸಾವಿನ ಮನೆಯಿಂದ ಹಾಗೆ ಹೊರಡುತ್ತಾರೆ, ಬರ್ತೀನಿ ಅಂದರೆ ಆ ಮನೆಗೆ ಮತ್ತೆ ಅದೇ ಕೆಲಸಕ್ಕೆ ಬರಬೇಕಾಗುತ್ತದೆ ಎಂದು ಸುಧಾಮಣಿ ಆಮೇಲೆ ಹೇಳಿದರು. ನನಗೂ ಗೊತ್ತಿತ್ತು. ಎದುರಿಗೆ ನೋಡಿದ್ದು ಮೊದಲ ಸಲ.

ನಿಜವಾದ ಚಿಂತೆ ಬೇರೆ. ಮಾತ್ರೆಯ ಪಟ್ಟಿ ಹೋದ ಗುರುವಾರ ಕೊಟ್ಟ ಹಾಗೇ ಇದೆ, ಒಂದೂ ಒಡೆದಿಲ್ಲ. ಊಟವೂ ಹೊತ್ತಿಗೊಂದು ತುತ್ತು. ಆಡುಗಳನ್ನು ಆಗಲೇ ಮಗಳ ಮನೆಗೆ ಹೊಡೆದು ಕಳಿಸಿದ್ದಾರೆ. ಸುಧಾಮಣಿ ಗದರಿಸಿದಾಗ, "ಮಂಗ್ಳಾರದ್ ಗಂಟ ತಾನೆ ಸಿಸ್ಟ್ರೆ. ಸುಮ್ನೆ ಯಾಕ್ ದಂಡ ಮಾಡದು, ಇನ್ಯಾರ್ಗಾರ ಕೊಡಿ" ಎಂದರು.

ಸುಧಾಮಣಿಗೆ ಇಂಥವರ ಹತ್ತಿರ ಮಾತಾಡುವುದು ಗೊತ್ತು. ಸತ್ತರೆಂದು ಸುಳ್ಳು ಸುದ್ದಿ ಹಬ್ಬಿದರೆ ಆಯಸ್ಸು ಜಾಸ್ತಿಯಾಗುತ್ತದಂತೆ, ನಿಮಗಿನ್ನು ನೂರು ವರ್ಷ ಎಂದರು. ಚಿಕ್ಕನಿಂಗಮ್ಮ ಯೋಚಿಸಿಯೇ ಉತ್ತರ ಕೊಟ್ಟರು. "ಸತ್ತೋದ್ಲು ಅಂತ ಸುಳ್ ಸುದ್ದಿ ಬಂದ್ರೆ ಆಯಸ್ಸು ಗಟ್ಟಿ ಆಯ್ತದೆ, ಅದು ದಿಟ ಕನವ್ವ. ಇದು ಅಂಗಲ್ಲ. ಇದ್ರಲ್ಲಿ ಇನ್ನೂ ಬಂದೇ ಇಲ್ದಿರ ದಿನ ಆಕವ್ರೆ."

ಹೊರಡುವಾಗ ನಾನು ಬೇಕೆಂದೇ ಗಟ್ಟಿಯಾಗಿ, ಬರ್ತೀನವ್ವ ಎಂದೆ. ಓಣಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

ನವೆಂಬರ್ 23, ಭಾನುವಾರ

'ಎಂ' ಮತ್ತೆ ಬರೆದಿದ್ದಾರೆ. "ಗುಂಡಿ ತೆಗೆಯುವಾಗ ಸೋನೆ ಹಿಡಿದಿತ್ತು. ಆದರೂ ಯಾರೂ ಕದಲಲಿಲ್ಲ. ಪುಣ್ಯವಂತೆ."

ಪೇಜಿನಿಂದ ಅವರಿಗೆ ಖಾಸಗಿಯಾಗಿ ಕೇಳಿದೆ. ತಾವು ಯಾರ ವಿಷಯ ಹೇಳುತ್ತಿದ್ದೀರಿ, ಈ ತಾಯಿ ಬದುಕಿದ್ದಾರೆ ಎಂದು ಬರೆದೆ. ಮಧ್ಯಾಹ್ನದ ಊಟ ಮುಗಿಸಿ ನೋಡುವಾಗ ಉತ್ತರ ಬಂದಿತ್ತು.

"ನೀವೂ ಇದ್ದಿರಲ್ಲ ಮೇಡಂ. ಛತ್ರಿ ಹಿಡ್ಕೊಂಡು ಹಿಂದೆ ನಿಂತಿದ್ರಿ."

ನನ್ನ ಹತ್ತಿರ ಛತ್ರಿಯೇ ಇಲ್ಲ. ಪೇಜಿನಲ್ಲಿ ನನ್ನ ಹೆಸರೂ ಇಲ್ಲ, ಫೋಟೋವೂ ಇಲ್ಲ. ಬರೆಯುತ್ತಿರುವುದು ಹೆಂಗಸೆಂದು ಅವರಿಗೆ ಹೇಗೆ ಗೊತ್ತಾಯಿತು ಎಂದು ಯೋಚಿಸಿದೆ. ನಾನು ಬರೆಯುವ ಧಾಟಿಯಿಂದ ಇರಬಹುದು. ಅಥವಾ ಊಹೆ. ಎಲ್ಲ ಟ್ರಸ್ಟಿನಲ್ಲೂ ಒಬ್ಬಳು ಮೇಡಂ ಇದ್ದೇ ಇರುತ್ತಾಳೆ.

ಬ್ಲಾಕ್ ಮಾಡಿದೆ.

ನವೆಂಬರ್ 27, ಗುರುವಾರ

ಬೆಳಿಗ್ಗೆಯಿಂದ ಮೋಡ. ಚಾಮರಾಜನಗರದ ಬಸ್ ಸ್ಟ್ಯಾಂಡಿನಲ್ಲಿ ಒಂದು ಛತ್ರಿ ಕೊಂಡೆ. ತಮಿಳುನಾಡಿನ ಕಡೆ ಚಂಡಮಾರುತ ಎಂದು ಸುದ್ದಿಯಲ್ಲಿ ಹೇಳುತ್ತಿದ್ದಾರೆ.

ಚಿಕ್ಕನಿಂಗಮ್ಮನವರ ಕಾಲಿನ ಗಾಯ ಮತ್ತೆ ತೆರೆದಿದೆ. ಕೂಡಿಕೊಂಡಿದ್ದ ಚರ್ಮದ ನಡುವೆ ಬಟಾಣಿಯಷ್ಟು ಕಪ್ಪು, ಸುತ್ತ ಕೆಂಪು. ಸುಧಾಮಣಿ ಸಕ್ಕರೆ ಪರೀಕ್ಷೆ ಮಾಡಿ ನನ್ನ ಮುಖ ನೋಡಿದರು, ಅಂಕಿಯನ್ನು ಬಾಯಿಬಿಟ್ಟು ಹೇಳಲಿಲ್ಲ. ಇವತ್ತೇ ಜಿಲ್ಲಾಸ್ಪತ್ರೆಗೆ ಸೇರಿಸಬೇಕು ಎಂದರು. ಚಿಕ್ಕನಿಂಗಮ್ಮನೂ ಒಪ್ಪಲಿಲ್ಲ, ಮನೆಯವರೂ ಒಪ್ಪಲಿಲ್ಲ. ಅಲ್ಲಿಗೆ ಹೋಗಿ ಅಲ್ಲಿಂದ ಹೊತ್ತು ತರುವುದು ಬೇಡ, ಇಲ್ಲೇ ಆಗಲಿ ಎಂದು ಮಗ ಹೇಳಿದ. ಅವನು ಮಂಗಳವಾರಕ್ಕೆ ಫ್ಯಾಕ್ಟರಿಯಿಂದ ರಜೆ ತೆಗೆದುಕೊಂಡಿದ್ದಾನೆ.

ಅವರು ಮಲಗುವ ಮೂಲೆಯಲ್ಲಿ ಹಣತೆ ಹಚ್ಚಿಟ್ಟಿದ್ದರು. ಜೀವ ಹೋದ ಜಾಗದಲ್ಲಿ ಇಡುವ ದೀಪ. ಯಾರು ಇಟ್ಟದ್ದು ಎಂದು ಕೇಳಿದ್ದಕ್ಕೆ ಲಕ್ಷ್ಮಿದೇವಿ, ನಾನಲ್ಲ, ಅತ್ತೆಯೇ ಎಂದಳು. ಪಟದಲ್ಲಿ ಇದೆಯಲ್ಲ, ಇಲ್ಲೂ ಇರಲಿ ಎಂದರಂತೆ. ಓಣಿಯ ಮಕ್ಕಳು ಬಾಗಿಲಿಗೆ ಬಂದು ಇಣುಕಿ, ಅವರು ಕಣ್ಣು ಮಿಟುಕಿಸಿದರೆ ಓಡಿಹೋಗುತ್ತಿದ್ದವು. ಅವರಿಗೆ ಅದೊಂದು ಆಟ. ಒಮ್ಮೆ ಬೇಕೆಂದೇ ಕಣ್ಣು ಮುಚ್ಚಿ ಕಾದು, ಮಕ್ಕಳು ಹತ್ತಿರ ಬಂದಾಗ "ಬ್ಯಾ" ಎಂದು ಹೆದರಿಸಿದರು. ಆಮೇಲೆ ಬಹಳ ಹೊತ್ತು ಏದುಸಿರು ಬಿಟ್ಟರು.

ನಾನು ಪಕ್ಕದಲ್ಲಿ ಕೂತೆ. ಅದು ಬರೀ ಅಕ್ಷರ ಅವ್ವ, ಕಂಪ್ಯೂಟರಿನಲ್ಲಿ ಒತ್ತಿದ್ದು, ಅದರಿಂದ ಏನೂ ಆಗಲ್ಲ ಎಂದೆ. ಮೂರು ನಾಲ್ಕು ಸಲ ಹೇಳಿದೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

"ಏನೂ ಆಗಾದಿಲ್ವ?"

"ಏನೂ ಆಗಲ್ಲ ಅವ್ವ."

"ಅಂಗಾರೆ ನಿನ್ ಪಟ ಆಕು."

ನನಗೆ ತಕ್ಷಣ ತಿಳಿಯಲಿಲ್ಲ.

"ನಿನ್ ಪಟ ಆಕು ಮಗ. ಇಂಗೇ, ಕರ್ರಗೆ. ಅದ್ಕೂ ದೀಪ ಮಡಗು. ಕೆಳಗ್ಗಡೆ ಅದೇ ಮಂಗ್ಳಾರ ಬರಿ. ನಂದು ಎಲ್ಲೆಲ್ಗ್ ಓಗದೊ ಅಲ್ಗೆಲ್ಲ ಕಳ್ಸು. ಅದ ನೋಡ್ಕಂಡು ನಾ ಉಣ್ತೀನಿ. ಮಾತ್ರೆನೂ ನುಂಗ್ತೀನಿ, ಆಸ್ಪತ್ರೆಗೂ ಬತ್ತೀನಿ. ಬರೀ ಅಕ್ಸರ ಅಂತ ನೀನೆ ಅಂದಲ್ಲ."

ಆಗಲಿ ಅವ್ವ, ಇವತ್ತೇ ಹಾಕ್ತೀನಿ ಎಂದೆ. ಯೋಚಿಸದೆಯೇ ಹೇಳಿದೆ. ಇಷ್ಟು ಸುಲಭದ ದಾರಿ ಇದೆಯಲ್ಲ ಎಂದು ಖುಷಿಯೇ ಆಯಿತು. ಅವರು ನನ್ನ ಕೈ ಹಿಡಿದುಕೊಂಡರು. ಅವರ ಕೈ ಬಿಸಿಯಾಗಿತ್ತು. ಸುಧಾಮಣಿಯ ಮುಖದಲ್ಲೂ ಕಳೆ ಬಂತು. ಲಕ್ಷ್ಮಿದೇವಿ ಆಗಲೇ ಒಲೆಯ ಹತ್ತಿರ ಹೋಗಿ, ಗಂಜಿಗೆ ಅಕ್ಕಿ ನೆನೆಹಾಕಲಾ ಎಂದು ಕೇಳಿದಳು.

ಸಣ್ಣಗೆ ಸೋನೆ ಶುರುವಾಗಿತ್ತು. ಏನೂ ಹೇಳದೆ ಎದ್ದು ಬಂದು ಜೀಪು ಹತ್ತಿದೆ. ಮನೆಗೆ ಬಂದವಳೇ ತಲೆಗೆ ಸ್ನಾನ ಮಾಡಿ, ಉಟ್ಟ ಬಟ್ಟೆ ನೆನೆಹಾಕಿ, ಆಮೇಲೆ ಒಲೆ ಹಚ್ಚಿದೆ. ಆ ರಸ್ತೆಯಲ್ಲಿ ಧೂಳು ಜಾಸ್ತಿ.

ಪೋಸ್ಟ್ ನಾಳೆ ಮಾಡುತ್ತೇನೆ. ಇವತ್ತು ಕೂದಲು ಒದ್ದೆ, ಫೋಟೋ ಸರಿಬರುವುದಿಲ್ಲ.

ನವೆಂಬರ್ 28, ಶುಕ್ರವಾರ

ಸುನೀಲನ ಅಂಗಡಿಗೆ ಹೋದೆ. ವಿಷಯ ಹೇಳಿದೆ. ಅವನು ಮೌಸಿನ ಮೇಲಿಂದ ಕೈ ತೆಗೆದುಬಿಟ್ಟ. ಬದುಕಿರುವವರದ್ದು ಇನ್ನು ಮಾಡುವುದಿಲ್ಲ, ಒಂದು ಮಾಡಿದ್ದೇ ಸಾಕಾಗಿದೆ ಎಂದ. ನಕ್ಕು, ನಿನಗೂ ನಂಬಿಕೆಯಾ ಎಂದು ಕೇಳಿದೆ. "ನಂಬ್ಕೆ ಗಿಂಬ್ಕೆ ಏನಿಲ್ಲ ಮೇಡಂ. ನೀವೇ ಮಾಡ್ಕಳಿ, ಫೋನಲ್ಲೇ ಆಯ್ತದೆ" ಎಂದು ಆ್ಯಪಿನ ಹೆಸರನ್ನು ಚೀಟಿಯಲ್ಲಿ ಬರೆದುಕೊಟ್ಟ. ಟೀ ಹೇಳಲಾ ಎಂದೂ ಕೇಳಲಿಲ್ಲ, ಹೋದಾಗಲೆಲ್ಲ ಹೇಳುವವನು.

ಗಂಗಾಧರಸ್ವಾಮಿಯವರಿಗೆ ತಿಳಿಸುವುದು ನ್ಯಾಯ ಎನಿಸಿ ಫೋನು ಮಾಡಿದೆ. ಪೇಜಿನಲ್ಲಿ ಎರಡನೇ ಮುಖ ಬಂದರೆ ಜನಕ್ಕೆ ಗೊಂದಲವಾಗುತ್ತದೆ, ಅದೂ ಕೊನೆಯ ನಾಲ್ಕು ದಿನ, ಬೇಡ ಎಂದರು. ನಿಮ್ಮ ಸ್ವಂತ ಖಾತೆಯಲ್ಲಿ ಹಾಕಿಕೊಂಡರೆ ನನ್ನ ಅಭ್ಯಂತರವಿಲ್ಲ ಎಂದೂ ಸೇರಿಸಿದರು. ಅವರು ಹಾಗೆ ಸೇರಿಸದಿದ್ದರೆ ಚೆನ್ನಾಗಿತ್ತು ಎಂದು ಒಂದು ಕ್ಷಣ ಅನಿಸಿತು. ಏಕೆಂದು ಯೋಚಿಸಬೇಕು.

ನವೆಂಬರ್ 29, ಶನಿವಾರ

ಮಂಗಳವಾರದ ಕೆಲಸ ತುಂಬಾ ಇದೆ. ದಾನಿಗಳಿಗೆ ಕಳಿಸುವ ಧನ್ಯವಾದದ ಪತ್ರ ಬರೆದೆ. ಚಿಕ್ಕನಿಂಗಮ್ಮನವರ ಬಗ್ಗೆ ಒಂದು ಪ್ಯಾರಾ: ಅವರು ತಮ್ಮ ಓಣಿಗೆಲ್ಲ ಬೇಕಾದವರಾಗಿದ್ದರು. ಯಾವ ನೋವಿನಲ್ಲೂ ನಗುತ್ತಿದ್ದರು. ಮಕ್ಕಳೊಂದಿಗೆ ಮಗುವಾಗಿದ್ದರು. ಓದಿ ನೋಡಿದೆ, ಚೆನ್ನಾಗಿ ಬಂದಿದೆ. ಕಳಿಸಲು ಇಟ್ಟಿದ್ದೇನೆ.

ಸುಧಾಮಣಿ ಮೂರು ಸಲ ಫೋನು ಮಾಡಿದರು. ಪುಣಜನೂರಿಗೆ ಅವರೇ ಬಸ್ಸಿನಲ್ಲಿ ಹೋಗಿದ್ದಾರೆ, ಇವತ್ತು ಅವರ ರಜೆ. "ಹಾಕಿದ್ರಾ ಮೇಡಂ? ಅವ್ವ ನೀರು ಬಿಟ್ಟು ಇನ್ನೇನೂ ಮುಟ್ತಾ ಇಲ್ಲ. ಗಂಜಿ ಪಕ್ಕದಲ್ಲೇ ಇಟ್ಕೊಂಡು ಕಾಯ್ತಾ ಅವ್ರೆ. ಲಕ್ಷ್ಮಿದೇವಿ ಫೋನ್ ಕೈಲೇ ಹಿಡ್ಕೊಂಡು ಕೂತವ್ಳೆ." ಫೋಟೋ ಸಿದ್ಧ ಮಾಡುತ್ತಿದ್ದೇನೆ ಎಂದೆ. "ಒಂದ್ ಫೋಟೋ ಅಲ್ವಾ ಮೇಡಂ" ಎಂದರು. ಅವರ ದನಿಯಲ್ಲಿ ಸ್ವಲ್ಪ ಒರಟು ಇತ್ತು. ದಣಿದಿದ್ದಾರೆ.

ನವೆಂಬರ್ 30, ಭಾನುವಾರ

ಬೆಳಿಗ್ಗೆ ಕಿಟಕಿಯ ಹತ್ತಿರ ನಿಂತು ನಾನೇ ಫೋಟೋ ತೆಗೆದುಕೊಂಡೆ. ಆ್ಯಪಿನಲ್ಲಿ ಬಣ್ಣ ತೆಗೆದೆ. ಬಣ್ಣ ಹೋದ ಕೂಡಲೇ ಮುಖ ಹಿಂದಕ್ಕೆ ಸರಿದ ಹಾಗಾಯಿತು, ನಾನು ಅವಳನ್ನು ನೋಡಿ ಬಹಳ ದಿನವಾಗಿದೆ ಎನ್ನುವ ಹಾಗೆ. ಹಣತೆ ಇಟ್ಟೆ. ಹೆಸರು ಹಾಕಿದೆ: ಬೃಂದಾ, ಚಾಮರಾಜನಗರ. ಅಕ್ಷರದ ಅಳತೆ ಸರಿ ಮಾಡಿದೆ. ಕೆಳಗೆ ತಾರೀಕಿಗೆ ಜಾಗ ಬಿಟ್ಟಿದ್ದೇನೆ.

ತಾರೀಕು ಹಾಕಲು ಎರಡು ಸಲ ಕೂತೆ. ಮೊದಲ ಸಲ ಅಮ್ಮನ ಫೋನು ಬಂತು. ಎರಡನೇ ಸಲ ಅಂಕಿ ಒತ್ತಿದೆ, ಸೊನ್ನೆ, ಎರಡು, ಆಮೇಲೆ ಹೊರಗೆ ಯಾರೋ ಗೇಟು ತೆಗೆದ ಸದ್ದಾಯಿತು. ಎದ್ದು ಹೋಗಿ ನೋಡಿದೆ. ಯಾರೂ ಇರಲಿಲ್ಲ. ವಾಪಸು ಬಂದು ಒತ್ತಿದ್ದನ್ನು ಅಳಿಸಿದೆ.

ಹೆದರಿಕೆಯಿಂದ ಅಲ್ಲ. ಅದನ್ನು ನನಗೆ ನಾನೇ ಸ್ಪಷ್ಟ ಮಾಡಿಕೊಳ್ಳಬೇಕು. ಅಮ್ಮನಿಗೆ ಎಪ್ಪತ್ತಾರು, ಬಿಪಿ ಇದೆ, ಅಂಥ ಚಿತ್ರ ಏಕಾಏಕಿ ಕಂಡರೆ ಏನಾದರೂ ಆದೀತು. ಮೊದಲು ಅವರಿಗೆ ಹೇಳಬೇಕು. ಪೇಜಿನ ಲೆಕ್ಕ ಮಂಗಳವಾರ ಮುಗಿಯುತ್ತದೆ, ಅಲ್ಲಿಯವರೆಗೆ ಏನನ್ನೂ ಕದಲಿಸದಿರುವುದು ಎಲ್ಲ ರೋಗಿಗಳ ಹಿತದಲ್ಲಿ ಒಳ್ಳೆಯದು. ಒಬ್ಬರಿಗಾಗಿ ಎಲ್ಲರನ್ನೂ ಪಣಕ್ಕಿಡುವುದು ಸರಿಯೇ? ಇದನ್ನು ಎಷ್ಟೋ ಕಡೆಯಿಂದ ಕೇಳಿಕೊಂಡಿದ್ದೇನೆ, ಪ್ರತಿ ಸಲವೂ ಅದೇ ಉತ್ತರ ಬರುತ್ತಿದೆ.

ನಾಲ್ಕು ಗಂಟೆಗೆ ಸುಧಾಮಣಿ ಒಂದು ಧ್ವನಿ ಸಂದೇಶ ಕಳಿಸಿದರು. ಅವರು ಮಾತಾಡಿಲ್ಲ. ಚಿಕ್ಕನಿಂಗಮ್ಮನವರ ದನಿ. ಬಹಳ ಸಣ್ಣಗಿದೆ, ಮೊಬೈಲನ್ನು ಕಿವಿಗೆ ಒತ್ತಿ ಕೇಳಬೇಕು.

"ಮೇಡಮ್ಮ, ಪಟ ಇನ್ನೂ ಬರ್ನಿಲ್ಲ ಕನವ್ವ. ಕಾಯ್ತಾ ಇವ್ನಿ. ಗಂಜಿ ಆರೋಯ್ತು, ಅವ್ಳು ಮತ್ತೆ ಬಿಸಿ ಮಾಡ್ತಾವ್ಳೆ. ನಿಂಗೂ ಭಯ ಆದ್ರೆ ಬುಡು ಮಗ, ಆಕ್ಬೇಡ. ನಂಗ್ ತಿಳೀತದೆ."

ಮೂರು ಸಲ ಕೇಳಿದೆ. ಎಷ್ಟು ಒಳ್ಳೆಯ ಹೆಂಗಸಾಗಿದ್ದರು.

ಭಯ ಎಂದು ಅವರು ತಿಳಿದುಕೊಳ್ಳಬಾರದು. ಹಾಕುತ್ತೇನೆ ಎಂದು ಮಾತು ಕೊಟ್ಟಿದ್ದೇನೆ, ಹಾಕುತ್ತೇನೆ. ಹಾಗೆಂದು ಸುಧಾಮಣಿಗೆ ಮೆಸೇಜು ಕಳಿಸಿ ಫೋನನ್ನು ಸೈಲೆಂಟಿಗೆ ಹಾಕಿದೆ. ಆ್ಯಪಿನಲ್ಲಿ ಪೋಸ್ಟ್ ಹೋಗಬೇಕಾದ ದಿನವನ್ನು ಮೊದಲೇ ಗೊತ್ತುಮಾಡಿಡುವ ಅನುಕೂಲ ಇದೆ. ಆ ದಿನ ಬಂದರೆ ತಾನಾಗಿಯೇ ಹೋಗುತ್ತದೆ, ನಾನು ಮುಟ್ಟಬೇಕಾಗಿಯೇ ಇಲ್ಲ. ಗೊತ್ತುಮಾಡಿದೆ. ಒಂದೆರಡು ದಿನ ಹೆಚ್ಚುಕಡಿಮೆಯಾದರೆ ಏನೂ ವ್ಯತ್ಯಾಸವಾಗುವುದಿಲ್ಲ.

ನಾನು ಗೊತ್ತುಮಾಡಿದ ದಿನ ಡಿಸೆಂಬರ್ 3, ಬುಧವಾರ.